ಮಾವನ ಎದೆ ಮೇಲೆ ತಟ್ಟುವ ಫೋನು

ತಿಪಟೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನ ಮನೆ. ತೆಂಗಿನ ತೋಟ, ಎರಡು ಎಮ್ಮೆ, ಅಟ್ಟದ ತುಂಬ ಕೊಬ್ಬರಿಯಾಗಲಿ ಅಂತ ಹರವಿಟ್ಟ ಕಾಯಿ. ಮಾವನಿಗೆ ಗ್ಲಾಕೋಮಾ. ಅದು ಸಾಮಾನ್ಯವಾಗಿ ಮೊದಲು ಅಂಚಿನ ನೋಟವನ್ನು ತಿನ್ನುತ್ತೆ, ನಡುವಿನದ್ದನ್ನು ಕೊನೆಗೆ. ನೋವಿರುವುದಿಲ್ಲ, ಹಾಗಾಗಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತೆ. ಈಗ ಅವರ ಬಲಗಣ್ಣಿಗೆ ಬೆಳಕೂ ತಿಳಿಯುವುದಿಲ್ಲ. ಎಡಗಣ್ಣಲ್ಲಿ ಕೊಳವೆಯೊಳಗಿಂದ ಇಣುಕಿದಷ್ಟು ನೋಟ ಉಳಿದಿದೆ. ಅದೂ ಒಳ್ಳೆ ಬಿಸಿಲಿದ್ದರೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಹೋದಾಗ ಮಾವನ ಹಣೆಗೆ ಪಟ್ಟಿ ಕಟ್ಟಿತ್ತು. ಅತ್ತೆ ಗಾಳಿ ಬರಲಿ ಅಂತ ಕಿಟಕಿ ತೆಗೆದಿದ್ದರು. ಹಳೇ ಮನೆ, ಕಿಟಕಿ ಬಾಗಿಲು ಹೊರಕ್ಕೆ ತೆರೆಯುತ್ತೆ. ಜಗಲಿ ಮೇಲೆ ನಡೆದುಕೊಂಡು ಬಂದ ಮಾವ ನೇರ ಹೋಗಿ ಅದರ ಅಂಚಿಗೆ ಹಣೆ ಕೊಟ್ಟಿದ್ದರು. ಕೈಯಲ್ಲಿ ಕೋಲು ಇತ್ತು. ಕೋಲು ನೆಲ ತಟ್ಟುತ್ತಿತ್ತು. ನೆಲದಲ್ಲಿ ಏನೂ ಇರಲಿಲ್ಲ ಅಲ್ವಾ?

ನಾನು ಬೆಂಗಳೂರಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುವವಳು. ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್, ನನ್ನ ಹೊಟ್ಟೆಪಾಡಿನ ಕೆಲಸ. ಸೋಫಾ ಕೊಳ್ಳುವ ಮುಂಚೆ ಫೋನಿನಲ್ಲಿ ನೋಡಿದರೆ ನಿಮ್ಮ ಹಾಲ್‌ನಲ್ಲೇ ಇಟ್ಟಂತೆ ಕಾಣುತ್ತಲ್ಲ, ಅಂಥದ್ದು. ಕ್ಯಾಮೆರಾ ಮುಂದಿರುವ ಜಾಗವನ್ನು ಫೋನು ಅಳೆಯಬಲ್ಲದು ಅಂದಮೇಲೆ ಕಿಟಕಿ ಬಾಗಿಲನ್ನು ಅಳೆಯಲಾರದೇ? ಹಬ್ಬ ಮುಗಿಸಿ ವಾಪಸ್ಸು ಬರುವಾಗ ರೈಲಿನಲ್ಲೇ ಶುರು ಮಾಡಿದೆ. ಆಮೇಲೆ ಹೆಚ್ಚೂಕಮ್ಮಿ ಹದಿನೈದು ದಿನಕ್ಕೊಂದು ಶನಿವಾರ ಊರಿಗೆ ಹೋಗಿ ಮಾವನ ಮೇಲೆ ಪ್ರಯೋಗ. ಇದು ಅದರ ಲೆಕ್ಕ.

ಹೀಗೆ ಮಾಡುವ ವಸ್ತುಗಳು ಈಗಾಗಲೇ ಇವೆ, ಮೊದಲೇ ಹೇಳಿಬಿಡುತ್ತೇನೆ. ಐಐಟಿ ದೆಹಲಿಯಲ್ಲಿ ರೂಪುಗೊಂಡು 2014ರಲ್ಲಿ ಹೊರಬಂದ ಸ್ಮಾರ್ಟ್‌ಕೇನ್ ಇದೆ. ಬಿಳಿ ಕೋಲಿನ ಹಿಡಿಗೆ ಸಿಕ್ಕಿಸುವ ಪೆಟ್ಟಿಗೆ ಅದು. ಕಿವಿಗೆ ಕೇಳಿಸದ ಸದ್ದು ಬಿಟ್ಟು 3 ಮೀಟರ್ ಒಳಗಿನ ಅಡ್ಡಿಗಳನ್ನು ಕಂಪನದಲ್ಲಿ ತಿಳಿಸುತ್ತೆ, ಮಂಡಿಯಿಂದ ಮೇಲಿನವನ್ನೂ. ಆ್ಯಪಲ್‌ನವರು 2022ರಲ್ಲಿ ಐಫೋನಿನ ದುಬಾರಿ ಮಾಡೆಲ್‌ಗಳಿಗೆ ಬಾಗಿಲು ಪತ್ತೆ ಹಚ್ಚುವ ಸೌಲಭ್ಯ ಕೊಟ್ಟರು. ಮೈಕ್ರೋಸಾಫ್ಟ್‌ನವರು 2018ರಲ್ಲಿ ಸೌಂಡ್‌ಸ್ಕೇಪ್ ಅಂತ ಒಂದು ಆ್ಯಪ್ ತಂದಿದ್ದರು. ಚಿತ್ರವೇ ಇಲ್ಲದ ಎಆರ್. ಹೋಗಬೇಕಾದ ಜಾಗದ ದಿಕ್ಕಿನಿಂದ ಟಿಕ್ ಟಿಕ್ ಸದ್ದು ಬಂದಂತೆ ಕಿವಿಗೆ ಕೇಳಿಸುತ್ತಿತ್ತು. 2023ರಲ್ಲಿ ಅದನ್ನು ನಿಲ್ಲಿಸಿದರು, ಕೋಡ್ ಮಾತ್ರ ಎಲ್ಲರಿಗೂ ಬಿಟ್ಟುಕೊಟ್ಟರು. ನಿಮ್ಮ ಮನೆಯಲ್ಲಿ ಇಂಥ ಅಗತ್ಯ ಇದ್ದರೆ ಮೊದಲು ಇವನ್ನೆಲ್ಲ ನೋಡಿ. ಮಾವ ಮಾತ್ರ ತಾವೇ ಕಡಿದು ನಯ ಮಾಡಿದ ಬಿದಿರು ಕೋಲು ಬಿಡಲು ಒಪ್ಪಲಿಲ್ಲ. ಐಫೋನಿನ ಬೆಲೆ ಹೇಳಿದ್ದಕ್ಕೆ ಎಮ್ಮೆಗಳ ಕಡೆ ಮುಖ ತಿರುಗಿಸಿದರು.

ಮೊದಲ ಪ್ರಯತ್ನ: ಹಳದಿ ಗೆರೆ

ನನ್ನ ಕೈಗೆ ಚಿತ್ರ ಬರೆದು ಅಭ್ಯಾಸ. ಹಾಗಾಗಿ ಮೊದಲು ಚಿತ್ರವನ್ನೇ ಮಾಡಿದೆ. ಕ್ಯಾಮೆರಾ ನೋಟವನ್ನು ಕಪ್ಪಾಗಿಸಿ, ಎದುರಿನ ವಸ್ತುಗಳ ಅಂಚಿಗೆ ದಪ್ಪ ಹಳದಿ ಗೆರೆ. ಕಮ್ಮಿ ದೃಷ್ಟಿ ಇರುವವರಿಗೆ ಕಪ್ಪಿನ ಮೇಲೆ ಹಳದಿ ಚೆನ್ನಾಗಿ ಕಾಣುತ್ತೆ ಅನ್ನುವುದು ನಿಜವೇ. ನನ್ನ ಮೇಜಿನ ಮೇಲೆ ಅದ್ಭುತವಾಗಿ ಕಾಣಿಸಿತು.

ಜಗಲಿ ಮೇಲೆ ಎರಡು ನಿಮಿಷವೂ ನಿಲ್ಲಲಿಲ್ಲ.

ಮೊದಲ ಎಡವಟ್ಟು ಆ್ಯಪ್ ತೆರೆಯುವಾಗಲೇ. ಎಆರ್‌ಕೋರ್ ಅನ್ನುವುದು ಗೂಗಲ್‌ನವರ ಎಆರ್ ಸಲಕರಣೆ. ಅದಕ್ಕೆ ಜಾಗ ಅರ್ಥವಾಗಬೇಕಾದರೆ ಫೋನನ್ನು ಸ್ವಲ್ಪ ಅತ್ತಿತ್ತ ಆಡಿಸಬೇಕು. ಹಾಗೆ ಮಾಡಿ ಅಂತ ಹೇಳಲು ಪರದೆ ಮೇಲೆ ಒಂದು ಕೈ ಫೋನು ಹಿಡಿದು ತೂಗುವ ಪುಟ್ಟ ಚಿತ್ರ ಬರುತ್ತೆ. ಎಷ್ಟೋ ಎಆರ್ ಆ್ಯಪ್‌ಗಳಲ್ಲಿ ಇದೇ ಚಿತ್ರ, ನಾನೂ ವರ್ಷಗಟ್ಟಲೆ ಯೋಚಿಸದೆ ಹಾಕಿದ್ದೇನೆ. ಮಾವ ಫೋನು ಹಿಡಿದು ಅಲ್ಲಾಡದೆ ನಿಂತಿದ್ದರು. ಫೋನು ಅವರು ಅಲ್ಲಾಡಲಿ ಅಂತ ಕಾಯುತ್ತಿತ್ತು. ಇಬ್ಬರೂ ಕಾದರು.

"ಏನಮ್ಮ, ಶುರುವಾಯ್ತಾ?"

ಎರಡನೆಯದು ಟಾಕ್‌ಬ್ಯಾಕ್. ಪರದೆ ಮೇಲಿರುವುದನ್ನು ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ ಅದು, ಮಾವನ ಫೋನಿನಲ್ಲಿ ಯಾವಾಗಲೂ ಆನ್. ನನ್ನ ಆ್ಯಪ್ ಮೇಲೆ ಬೆರಳಾಡಿಸಿದರೆ ಆ್ಯಪಿನ ಹೆಸರು ಹೇಳಿ ಸುಮ್ಮನಾಗುತ್ತಿತ್ತು. ಕಾರಣ ಸರಳ. ಬಟನ್, ಅಕ್ಷರ ಎಲ್ಲ ಆಂಡ್ರಾಯ್ಡ್‌ಗೆ ಬೇರೆ ಬೇರೆ ವಸ್ತುಗಳಾಗಿ ಗೊತ್ತಿರುತ್ತವೆ. ಮೂರು ಆಯಾಮದ ದೃಶ್ಯ ಮಾತ್ರ ಅದರ ಲೆಕ್ಕದಲ್ಲಿ ಒಂದೇ ಒಂದು ಚೌಕ, ಒಳಗೆ ಬಣ್ಣ ತುಂಬಿದ ಡಬ್ಬ ಇದ್ದ ಹಾಗೆ. ಅದರೊಳಗೆ ನೀವು ಸೋಫಾ ಇಟ್ಟಿದ್ದೀರೋ ಹುಲಿ ಇಟ್ಟಿದ್ದೀರೋ ಟಾಕ್‌ಬ್ಯಾಕ್‌ಗೆ ತಿಳಿಯುವುದೇ ಇಲ್ಲ. ಇದಕ್ಕೆ ಎಕ್ಸ್‌ಪ್ಲೋರ್‌ಬೈಟಚ್‌ಹೆಲ್ಪರ್ ಅಂತ ಆಂಡ್ರಾಯ್ಡ್‌ನ ಒಂದು ಸಿದ್ಧ ಕೋಡ್ ತುಂಡು ಇದೆ. ಅದನ್ನು ಬಳಸಿ ಪ್ರತಿ ವಸ್ತುವಿಗೂ ಕಣ್ಣಿಗೆ ಕಾಣದ ಒಂದು ಚೌಕ ಕೊಟ್ಟು, ಅದಕ್ಕೊಂದು ಹೆಸರು ಕೊಟ್ಟರೆ ಟಾಕ್‌ಬ್ಯಾಕ್ ಓದುತ್ತೆ. ಆಟ, ಎಆರ್ ಆ್ಯಪ್ ಕಟ್ಟುವ ಯೂನಿಟಿ ಅನ್ನುವ ಸಲಕರಣೆಯಲ್ಲಿ ಕೆಲಸ ಮಾಡುವವರಿಗೆ 2023.2 ಆವೃತ್ತಿಯಿಂದ ಟಾಕ್‌ಬ್ಯಾಕ್‌ನಂಥ ಓದುವ ಸೌಲಭ್ಯಗಳಿಗೆ ಇಂಥದೇ ವ್ಯವಸ್ಥೆ ಬಂದಿದೆ. ನಾನು ಇಡೀ ಭಾನುವಾರ ಕೂತು ಆ ಕಾಣದ ಚೌಕಗಳನ್ನು ಜೋಡಿಸಿದೆ. ಆಮೇಲೆ ಅಷ್ಟನ್ನೂ ತೆಗೆದು ಎಸೆದೆ. ಏಕೆಂದರೆ ಮೂರನೆಯ ಎಡವಟ್ಟೇ ಎಲ್ಲಕ್ಕಿಂತ ದೊಡ್ಡದು.

ಮಾವನ ಒಂದು ಕೈಯಲ್ಲಿ ಕೋಲು. ಇನ್ನೊಂದು ಕೈ ಗೋಡೆ ಸವರಲು, ಹಗ್ಗ ಹಿಡಿಯಲು, ಚೆಂಬು ಎತ್ತಲು ಬೇಕು. ಫೋನು ಹಿಡಿಯಲು ಮೂರನೇ ಕೈ ಎಲ್ಲಿಂದ ತರೋದು?

ಎಆರ್ ಮಾಡುವವರ ಮನಸ್ಸಿನಲ್ಲಿ ಒಂದು ದೇಹ ಕೂತಿರುತ್ತೆ. ಅದಕ್ಕೆ ಎರಡು ಕಣ್ಣು, ಎರಡು ಖಾಲಿ ಕೈ, ದಣಿಯದ ಕಾಲು. ಫೋನು ಹಿಡಿದು ಬೀದಿ ಸುತ್ತಿ ಆಡುವ ಪೋಕೆಮಾನ್ ಗೋ ಆಟದಲ್ಲಿ ಇದು ಊರಿಗೆಲ್ಲ ಗೊತ್ತಾಗುವ ಜಗಳವೇ ಆಗಿತ್ತು. ಆಟದ ಜಾಗವನ್ನು ಮುಟ್ಟಲು ಮೊದಲು 40 ಮೀಟರ್ ಹತ್ತಿರ ಹೋಗಬೇಕಿತ್ತು. ಕೋವಿಡ್ ಬಂದಾಗ, 2020ರಲ್ಲಿ, ಅದನ್ನು 80 ಮೀಟರ್ ಮಾಡಿದರು. ವೀಲ್‌ಚೇರ್‌ನಲ್ಲಿ ಓಡಾಡುವವರಿಗೆ ಮೆಟ್ಟಿಲಿನ ಆಚೆಗಿದ್ದ ಎಷ್ಟೋ ಜಾಗಗಳು ಮೊದಲ ಸಲ ಕೈಗೆ ಸಿಕ್ಕವು. 2021ರ ಆಗಸ್ಟ್‌ನಲ್ಲಿ ಕೆಲವು ದೇಶಗಳಲ್ಲಿ ಮತ್ತೆ 40ಕ್ಕೆ ಇಳಿಸಿದರು. ಆಟಗಾರರು ರೇಗಿಬಿದ್ದರು, ಅದೇ ತಿಂಗಳು 80 ವಾಪಸ್ಸು ಬಂತು. ಒಂದು ಅಂಕಿ ಬದಲಾಯಿಸಿದ್ದು, ಅಷ್ಟೇ. ನನ್ನ ಕೋಡ್‌ನಲ್ಲೂ ಅಂಥ ಅಂಕಿಗಳು ಎಷ್ಟಿವೆ ಅಂತ ಆವತ್ತಿನವರೆಗೆ ಎಣಿಸಿರಲಿಲ್ಲ.

ಎರಡನೇ ಪ್ರಯತ್ನ: ಬಾಯಿ ಬಿಟ್ಟ ಫೋನು

ಫೋನನ್ನು ಕುತ್ತಿಗೆಗೆ ತೂಗುಹಾಕಿ ಬಾಯಿಂದ ಹೇಳಿಸೋಣ ಅಂದುಕೊಂಡೆ. ಎದುರಿಗೆ ಎಷ್ಟು ದೂರದಲ್ಲಿ ಏನೋ ಇದೆ ಅಂತ ಕನ್ನಡದಲ್ಲಿ ಹೇಳಬೇಕು. ಫೋನಿನ ಕನ್ನಡ ದನಿ ಪರವಾಗಿಲ್ಲ, ಆದರೆ ಆ ದನಿಯ ಫೈಲನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ತೋಟದಲ್ಲಿ ನೆಟ್‌ವರ್ಕ್ ಹೋದಾಗ ನಮ್ಮ ಫೋನು ಬಾಯಿ ಕಟ್ಟಿ ನಿಂತಿತ್ತು.

ದೂರ ಹೇಳುವುದರಲ್ಲಿ ನಾನೇ ಪಾಠ ಕಲಿತೆ. "ಒಂದು ಪಾಯಿಂಟ್ ಎಂಟು ಮೀಟರ್" ಅಂತ ಫೋನು ಹೇಳಿತು. ಮಾವ ನಿಂತರು.

"ಅಂದ್ರೆ ಒಂದು ಮಾರು ಅನ್ನು."

ಮಾರು ಅಂದರೆ ಎರಡೂ ಕೈ ಚಾಚಿದಷ್ಟು. ಒಂದು ಮಾರಿಗೆ ನಾಲ್ಕು ಮೊಳ, ಒಂದು ಮೊಳಕ್ಕೆ ಎರಡು ಗೇಣು. ಹೂವಿನವರ ಹತ್ತಿರ ಇವತ್ತಿಗೂ ಇದೇ ಲೆಕ್ಕ. ಮೀಟರನ್ನು ಮಾವ ಮನಸ್ಸಿನಲ್ಲಿ ತರ್ಜುಮೆ ಮಾಡಬೇಕು. ಮೊಳ ಅವರ ಕೈಯಲ್ಲೇ ಇದೆ. 45 ಸೆಂಟಿಮೀಟರಿಗೆ ಒಂದು ಮೊಳ ಅಂತ ಕೋಡ್ ಬದಲಾಯಿಸಿದೆ. ಈ ಪ್ರಾಜೆಕ್ಟಿನಲ್ಲಿ ನಾನು ಬರೆದ ಅತ್ಯಂತ ಒಳ್ಳೆಯ ಸಾಲು ಅದೇ ಅಂತ ಈಗಲೂ ಅನ್ನಿಸುತ್ತೆ. ಅದೂ ಉಳಿಯಲಿಲ್ಲ ಅನ್ನುವುದು ಬೇರೆ ಮಾತು.

ದಿಕ್ಕಿಗೆ ಸೌಂಡ್‌ಸ್ಕೇಪ್ ದಾರಿ ಹಿಡಿದೆ. ಕಿವಿ ಮುಚ್ಚದ, ಕೆನ್ನೆ ಮೂಳೆಯ ಮೇಲೆ ಕೂರುವ ಹೆಡ್‌ಫೋನ್ ತಂದೆ. ಎಡಕ್ಕಿರುವ ವಸ್ತುವಿನ ಸದ್ದು ಎಡಗಿವಿಗೆ ಮೊದಲು ತಲುಪುತ್ತೆ, ಬಲಗಿವಿಗೆ ಸ್ವಲ್ಪ ತಡವಾಗಿ. ಆ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಮ್ಮಿ, ಅಷ್ಟರಲ್ಲೇ ಮಿದುಳು ದಿಕ್ಕು ಹಿಡಿಯುತ್ತೆ. ಆದರೆ ನೇರ ಮುಂದಿನ ಸದ್ದೂ ನೇರ ಹಿಂದಿನ ಸದ್ದೂ ಎರಡೂ ಕಿವಿಗೆ ಒಂದೇ ಹೊತ್ತಿಗೆ ಬರುತ್ತವಲ್ಲ? ನಿಜವಾದ ಸದ್ದಾದರೆ ನಾವು ತಲೆ ತಿರುಗಿಸಿ ತಿಳಿಯುತ್ತೇವೆ. ಇಲ್ಲಿ ಫೋನು ಇರುವುದು ಎದೆ ಮೇಲೆ, ತಲೆ ತಿರುಗಿದ್ದು ಅದಕ್ಕೆ ಗೊತ್ತಿಲ್ಲ. ಕಂಬ ಮುಂದಿದ್ದರೂ ಮಾವ ಹಿಂದೆ ತಿರುಗಿ "ಯಾರು?" ಅಂದರು. ಜೊತೆಗೆ ಬ್ಲೂಟೂತ್ ತಡ ಬೇರೆ. ನಾನು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ ಅಳೆದರೆ ಸುಮಾರು ಕಾಲು ಸೆಕೆಂಡ್. ನಿಧಾನಕ್ಕೆ ನಡೆಯುವವರಿಗೂ ಅದು ಒಂದು ಗೇಣು. ಒಂದು ಗೇಣಿನಲ್ಲಿ ಹಣೆಗೂ ಕಿಟಕಿಗೂ ಭೇಟಿ ಆಗಿಹೋಗುತ್ತೆ.

ಇವನ್ನೆಲ್ಲ ಸರಿ ಮಾಡಬಹುದಿತ್ತು. ಮಾಡುವ ಉತ್ಸಾಹವೂ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಮಾವ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ನೋಡವ್ವ, ಬೇಜಾರು ಮಾಡ್ಕೋಬೇಡ. ಕೋಲು ತಟ್ಟಿದ್ರೆ ನಂಗೆ ಗೋಡೆ ಕೇಳುತ್ತೆ. ಬಾಗಿಲು ಬಂದ ಕಡೆ ಸದ್ದು ಬಯಲಾಗುತ್ತೆ. ನಿನ್ನ ಫೋನು ಮಾತಾಡ್ತಾ ಇದ್ರೆ ಅದ್ಯಾವುದೂ ಕೇಳಲ್ಲ. ಈ ಮನೆ ನಂಗೆ ಗೊತ್ತು ಕಣಮ್ಮ. ಗೊತ್ತಿಲ್ಲದ್ದು ಒಂದೇ, ಇವತ್ತು ಯಾರು ಏನು ಎಲ್ಲಿಟ್ರು ಅನ್ನೋದು."

ಅಲ್ಲಿಗೆ ನನ್ನ ಪಟ್ಟಿ ಪೂರ್ತಿ ಹರಿದುಹೋಯಿತು. ಬಾಗಿಲು ಗುರುತಿಸುವುದು, ಕುರ್ಚಿ ಹೆಸರು ಹೇಳುವುದು, ದಾರಿ ತೋರಿಸುವುದು ಯಾವುದೂ ಬೇಡ. ನೆಲದ ಮೇಲಿರುವುದನ್ನು ಕೋಲು ಹೇಳುತ್ತೆ. ಗೋಡೆಯನ್ನು ಕಿವಿ ಹೇಳುತ್ತೆ. ಉಳಿಯುವುದು ಸೊಂಟದಿಂದ ಮೇಲೆ, ನೆಲಕ್ಕೆ ತಾಗದೆ ಗಾಳಿಯಲ್ಲಿ ಚಾಚಿಕೊಂಡಿರುವ ವಸ್ತು ಮಾತ್ರ. ತೆರೆದ ಕಿಟಕಿ. ಓರೆಯಾಗಿ ಒರಗಿಸಿದ ಏಣಿ. ಗಾಡಿಯ ಮೂಕಿ. ಟ್ರೇಲರಿನ ಹಿಂಭಾಗ. ಅಷ್ಟನ್ನೇ ಹೇಳಬೇಕು, ಕಿವಿಗೆ ಹೇಳಬಾರದು.

ಮೂರನೇದು: ಚೀಲ

ಈಗ ಇರುವುದು ಇದು. ಮೊದಲು ಚೀಲ, ಆಮೇಲೆ ಕೋಡ್. ಕೋಡ್‌ಗಿಂತ ಚೀಲಕ್ಕೇ ಜಾಸ್ತಿ ದಿನ ಹಿಡಿಯಿತು.

ತಿಪಟೂರಿನಲ್ಲಿ ಸ್ಕೂಲ್ ಬ್ಯಾಗ್ ಹೊಲಿಯುವವರೊಬ್ಬರ ಹತ್ತಿರ ರೆಕ್ಸಿನ್ ಚೀಲ ಮಾಡಿಸಿದೆ. ಫೋನು ಉದ್ದಕ್ಕೆ ನಿಲ್ಲಬೇಕು, ಕ್ಯಾಮೆರಾಕ್ಕೆ ಕಿಂಡಿ ಬೇಕು. ಬರೀ ಕುತ್ತಿಗೆ ಪಟ್ಟಿ ಹಾಕಿದರೆ ನಡೆಯುವಾಗ ಗಡಿಯಾರದ ಲೋಲಕದಂತೆ ತೂಗುತ್ತೆ, ಹಾಗಾಗಿ ಬೆನ್ನ ಹಿಂದಿನಿಂದ ಒಂದು ಎಲಾಸ್ಟಿಕ್ ಪಟ್ಟಿ. ಮೊದಲು ಹಾಕಿಸಿದ್ದ ವೆಲ್ಕ್ರೋ ಅಂಗಿಯ ನೂಲು ಕೀಳುತ್ತಿತ್ತು. ಈಗ ದೊಡ್ಡ ಪ್ರೆಸ್ ಬಟನ್. ಕಣ್ಣಿಲ್ಲದೆ ಹಾಕಬಹುದು, "ಟಕ್" ಅಂದರೆ ಕೂತಿತು ಅಂತ.

ಹಾಕಿ ನೋಡಿದರೆ ಫೋನು ಸೂರು ನೋಡುತ್ತಿತ್ತು. ಕೋಡ್ ತಪ್ಪು ಅಂತ ಒಂದು ಗಂಟೆ ಹುಡುಕಿದೆ. ತಪ್ಪು ಮಾವನ ಹೊಟ್ಟೆಯದು. ಚೀಲದ ಕೆಳ ತುದಿ ಹೊಟ್ಟೆ ಮೇಲೆ ಕೂತು ಫೋನು ಸುಮಾರು 20 ಡಿಗ್ರಿ ಮೇಲಕ್ಕೆ ವಾಲಿತ್ತು. ನಮಗೆ ಬೇಕಾದದ್ದು ಒಂದು ಮಾರಿನೊಳಗೆ ಸೊಂಟದಿಂದ ನೆತ್ತಿಯವರೆಗೆ. ಹಾಗೆ ವಾಲಿದರೆ ಸೊಂಟವೇ ಕಾಣುವುದಿಲ್ಲ. ಅತ್ತೆ ಒಳಗಿಂದ ಕಿತ್ತುಹೋದ ಹವಾಯಿ ಚಪ್ಪಲಿ ತಂದುಕೊಟ್ಟರು. ಅದರ ಹಿಮ್ಮಡಿಯನ್ನು ಓರೆಯಾಗಿ ಕೊಯ್ದು ಚೀಲದ ಹಿಂದೆ ಮೇಲ್ಭಾಗಕ್ಕೆ ಅಂಟಿಸಿದೆ. ನೆಟ್ಟಗಾಯಿತು. ಬೇರೆಯವರಿಗೆ ಮಾಡುವುದಾದರೆ ಆ ತುಂಡಿನ ದಪ್ಪ ಅವರವರ ಹೊಟ್ಟೆಯ ಪ್ರಕಾರ. ನನ್ನ ಮೇಲೆ ಅಳತೆ ಮಾಡಿದ್ದು ಮಾವನಿಗೆ ಹೊಂದಲೇ ಇಲ್ಲ.

ಆಳ ಅಳೆಯುವುದು

ಎಆರ್‌ಕೋರ್‌ನಲ್ಲಿ 2020ರಿಂದ ಆಳದ ಚಿತ್ರ ಸಿಗುತ್ತೆ. ವಿಶೇಷ ಸೆನ್ಸರ್ ಇಲ್ಲದ ಫೋನಿನಲ್ಲೂ ಒಂದೇ ಕ್ಯಾಮೆರಾದಿಂದ. ಉಪಾಯ ಹೀಗೆ. ಬಸ್ಸಿನ ಕಿಟಕಿಯಿಂದ ನೋಡಿದಾಗ ಹತ್ತಿರದ ಮರ ಸರ್ರನೆ ಹಿಂದೋಡುತ್ತೆ, ದೂರದ ಗುಡ್ಡ ನಿಂತಲ್ಲೇ ಇರುತ್ತೆ. ಫೋನು ತಾನು ಎಷ್ಟು ಸರಿದೆ ಅಂತ ತಿಳಿದುಕೊಂಡು, ಚಿತ್ರದಲ್ಲಿ ಯಾವುದು ಎಷ್ಟು ಸರಿಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತೆ. ಸಿಗುವ ಚಿತ್ರ ಸಣ್ಣದು, ನಮ್ಮ ಫೋನಿನಲ್ಲಿ 160 ಚುಕ್ಕಿ ಉದ್ದ, 90 ಚುಕ್ಕಿ ಅಗಲ. ಪ್ರತಿ ಚುಕ್ಕಿಯಲ್ಲೂ ದೂರ, ಮಿಲಿಮೀಟರ್ ಲೆಕ್ಕದಲ್ಲಿ. ಅರ್ಧ ಮೀಟರಿನಿಂದ ಐದು ಮೀಟರಿನವರೆಗೆ ನಂಬಬಹುದು.

ಇಲ್ಲಿ ನಾನು ಬಿದ್ದ ಗುಂಡಿಗಳನ್ನು ಹೇಳಿಬಿಡುತ್ತೇನೆ. ಆಳದ ಚಿತ್ರ ಯಾವಾಗಲೂ ಕ್ಯಾಮೆರಾ ಸೆನ್ಸರಿನ ದಿಕ್ಕಿನಲ್ಲೇ ಬರುತ್ತೆ, ಅಂದರೆ ಅಡ್ಡಕ್ಕೆ. ಫೋನನ್ನು ಉದ್ದಕ್ಕೆ ನಿಲ್ಲಿಸಿದಾಗ ಅದನ್ನು ನೀವೇ ತಿರುಗಿಸಿಕೊಳ್ಳಬೇಕು. ನಾನು ಮರೆತಿದ್ದೆ. ಒಂದಿಡೀ ಬೆಳಗ್ಗೆ ಫೋನು ಮನೆಯ ತೊಲೆಗೆ ಹೆದರಿ ತಟ್ಟುತ್ತಿತ್ತು.

ನೆಲ ಎಲ್ಲಿದೆ ಅಂತ ಎಆರ್‌ಕೋರನ್ನೇ ಕೇಳೋಣ ಅಂದುಕೊಂಡಿದ್ದೆ, ನೆಲ ಹುಡುಕುವುದು ಅದರ ಮೊದಲ ಕಸುಬು. ಮಾವನ ಮನೆಯದು ರೆಡ್ ಆಕ್ಸೈಡ್ ನೆಲ. ಅರವತ್ತು ವರ್ಷ ಒರೆಸಿ ಒರೆಸಿ ಕನ್ನಡಿಯಾಗಿದೆ. ಅದರಲ್ಲಿ ಹಿಡಿದುಕೊಳ್ಳಲು ಒಂದು ಗುರುತೂ ಇಲ್ಲ, ಮೇಲಾಗಿ ಬಾಗಿಲಿನ ಬೆಳಕಿನ ಪ್ರತಿಬಿಂಬ. ಫೋನಿನ ಪ್ರಕಾರ ಹಜಾರದ ನಡುವೆ ಒಂದು ಬಾವಿ ಇತ್ತು. ಕೊನೆಗೆ ಅಳತೆ ಟೇಪು ಹಿಡಿದು ನೆಲದಿಂದ ಎದೆ ಮೇಲಿನ ಫೋನಿಗೆ ಎಷ್ಟು ಅಂತ ಅಳೆದು, ಆ ಅಂಕಿಯನ್ನೇ ಕೋಡ್‌ನಲ್ಲಿ ಬರೆದೆ. 124 ಸೆಂಟಿಮೀಟರ್. ನಾಚಿಕೆ ಏನೂ ಇಲ್ಲ. ಸುಣ್ಣ ಬಳಿದ ಬಿಳೀ ಗೋಡೆಯಲ್ಲೂ ಇದೇ ತೊಂದರೆ, ಆದರೆ ಗೋಡೆಯ ಕೆಲಸ ಮಾವನ ಕಿವಿಯದು, ನನ್ನದಲ್ಲ.

ಈಗ ಲೆಕ್ಕ ಇಷ್ಟೇ. ಮಾವನ ಮುಂದೆ ಒಂದು ಕಾಣದ ಪೆಟ್ಟಿಗೆ ಕಲ್ಪಿಸಿಕೊಳ್ಳಿ. ಅಗಲ 60 ಸೆಂಟಿಮೀಟರ್, ಕೆಳ ಅಂಚು ಸೊಂಟ, ಮೇಲಂಚು ನೆತ್ತಿಗಿಂತ ಒಂದು ಗೇಣು ಮೇಲೆ, ಉದ್ದ ಒಂದು ಮಾರು. ಆಳದ ಚುಕ್ಕಿಗಳಲ್ಲಿ ಈ ಪೆಟ್ಟಿಗೆಯೊಳಗೆ ಬೀಳುವುವನ್ನು ಮಾತ್ರ ಇಟ್ಟುಕೊಳ್ಳುತ್ತೇನೆ. ಎಲ್ಲಕ್ಕಿಂತ ಹತ್ತಿರದ ಒಂದು ಚುಕ್ಕಿಯನ್ನು ನಂಬಬೇಡಿ, ಅದು ಹೆಚ್ಚಾಗಿ ಗಲೀಜು. ಚುಕ್ಕಿಗಳನ್ನು ಹತ್ತಿರದಿಂದ ದೂರಕ್ಕೆ ಸಾಲಾಗಿ ಜೋಡಿಸಿ, ನೂರಕ್ಕೆ ಮೊದಲ ಹತ್ತು ಪಾಲು ಬಿಟ್ಟು ಅಲ್ಲಿರುವ ದೂರ ತೆಗೆದುಕೊಳ್ಳಿ.

ಎಆರ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ನೋಡುವುದರಲ್ಲಿ ಅಲ್ಲ, ನೆನಪಿಟ್ಟುಕೊಳ್ಳುವುದರಲ್ಲಿ. ಉದ್ದಕ್ಕೆ ನಿಂತ ಫೋನಿನ ನೋಟ ಅಗಲದಲ್ಲಿ ಕಿರಿದು. ಒಂದು ಮೀಟರ್ ದೂರದಲ್ಲಿ 70 ಸೆಂಟಿಮೀಟರ್ ಕಾಣುತ್ತೆ, ಅರ್ಧ ಮೀಟರಿನಲ್ಲಿ ಅದರ ಅರ್ಧ. ಭುಜಕ್ಕೆ ತಗುಲುವ ಕಿಟಕಿ ಅಂಚು ಹತ್ತಿರ ಬಂದಷ್ಟೂ ಚಿತ್ರದಿಂದ ಜಾರಿಹೋಗುತ್ತೆ. ಫೋನಿಗೆ ತಾನು ಮನೆಯಲ್ಲಿ ಎಲ್ಲಿದ್ದೇನೆ ಅಂತ ಗೊತ್ತಿರುವುದರಿಂದ, ಕಂಡ ಚುಕ್ಕಿಗಳನ್ನು ಅವು ಇದ್ದ ಜಾಗದಲ್ಲೇ ನಾಲ್ಕು ಸೆಕೆಂಡ್ ಇಟ್ಟುಕೊಳ್ಳಲು ಹೇಳಿದೆ. ಈಗ ಕ್ಯಾಮೆರಾಕ್ಕೆ ಕಾಣದಿದ್ದರೂ ಆಗ ಕಂಡದ್ದರ ಮೇಲೆ ಭುಜ ಹೋಗುತ್ತಿದ್ದರೆ ತಟ್ಟುತ್ತೆ.

ತಟ್ಟುವುದು

ಮೊದಲು ಹತ್ತಿರ ಬಂದಷ್ಟೂ ಜೋರಾಗಿ ಗುರ್ರೆನ್ನುವಂತೆ ಮಾಡಿದ್ದೆ, ಕಾರು ರಿವರ್ಸ್ ತೆಗೆಯುವಾಗಿನ ಬೀಪ್ ತರ. ಎರಡು ತೊಂದರೆ. ಒಂದು, ಫೋನು ಹೆಚ್ಚು ಹೊತ್ತು ನಡುಗಿದರೆ ಅದರ ಲೆಕ್ಕವೇ ತಪ್ಪುತ್ತಿತ್ತು. ತಾನು ಎಷ್ಟು ಸರಿದೆ ಅಂತ ತಿಳಿಯಲು ಅದು ತನ್ನದೇ ಅಲುಗಾಟವನ್ನು ಅಳೆಯುತ್ತೆ, ತಾನೇ ಅಲುಗಾಡಿಸಿಕೊಂಡರೆ ಹೇಗೆ? ಎರಡು, ಮಾವನಿಗೆ ಎದೆ ಮೇಲೆ ಗುರ್ರೆನ್ನುವುದು ಇಷ್ಟವಾಗಲಿಲ್ಲ. "ಹಾರ್ಟಿನ ತೊಂದರೆ ಅನ್ಸುತ್ತೆ" ಅಂದರು.

ಈಗ ಎರಡೇ ಸನ್ನೆ. ಒಂದು ತಟ್ಟು ಅಂದರೆ ಒಂದು ಮಾರಿನೊಳಗೆ ಏನೋ ಇದೆ, ನಿಧಾನ. ಎರಡು ತಟ್ಟು ಅಂದರೆ ಎರಡು ಮೊಳದೊಳಗಿದೆ, ನಿಲ್ಲಿ. ತಲಾ 40 ಮಿಲಿಸೆಕೆಂಡ್. ಒಂದೇ ವಸ್ತುವಿಗೆ ಮತ್ತೆ ಮತ್ತೆ ತಟ್ಟುವುದಿಲ್ಲ. ಏನಿದೆ ಅಂತ ಹೇಳುವುದೂ ಇಲ್ಲ. ಕೈ ಚಾಚಿ ಮುಟ್ಟಿದರೆ ಮಾವನಿಗೇ ಗೊತ್ತಾಗುತ್ತೆ.

ಪರದೆಯನ್ನು ಆರಿಸುವಂತಿಲ್ಲ, ಆರಿಸಿದರೆ ಆ್ಯಪ್ ಮಲಗಿ ಕ್ಯಾಮೆರಾ ನಿಲ್ಲುತ್ತೆ. ಬೆಳಕನ್ನು ತೀರಾ ಕಮ್ಮಿ ಮಾಡಿ, ಅಂಗಿ ಉಜ್ಜಿದರೆ ಬಟನ್ ಒತ್ತಿಹೋಗದಂತೆ ಸ್ಪರ್ಶವನ್ನು ಕೈಬಿಟ್ಟೆ. ಫೋನು ನೆಟ್ಟಗೆ ನಿಂತರೆ ಶುರು, ಮಲಗಿಸಿದರೆ ಬಂದ್. ಟಾಕ್‌ಬ್ಯಾಕ್ ಜೊತೆ ಜಗಳವೂ ಮುಗಿಯಿತು, ಓದಲು ಏನೂ ಇಲ್ಲವಲ್ಲ. ಏಪ್ರಿಲ್ ಬಿಸಿಲಲ್ಲಿ ಇಪ್ಪತ್ತು ನಿಮಿಷಕ್ಕೇ ಫೋನು ಕಾದು ಎದೆ ಸುಡುವಂತಾಗಿತ್ತು. ಸೆಕೆಂಡಿಗೆ 30 ಸಲದ ಬದಲು 8 ಸಲ ಲೆಕ್ಕ ಮಾಡಿಸಿ, ಚೀಲದ ಹಿಂದೆ ತೆಂಗಿನ ನಾರಿನ ಮ್ಯಾಟ್ ತುಂಡು ಇಟ್ಟ ಮೇಲೆ ತಾಳಬಹುದು.

ಬಟ್ಟೆ ಹಗ್ಗ ಮಾತ್ರ ಸೋಲಿಸಿತು. ಹಿತ್ತಲಲ್ಲಿ ಕುತ್ತಿಗೆ ಎತ್ತರಕ್ಕೆ ಕಟ್ಟಿದ್ದ ನೈಲಾನ್ ಹಗ್ಗ. ಒಂದೂವರೆ ಮೀಟರ್ ದೂರದಲ್ಲಿ ನಮ್ಮ ಒಂದು ಚುಕ್ಕಿ ಅಂದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ. ಹಗ್ಗದ ದಪ್ಪ ಅದರ ಅರ್ಧವೂ ಇಲ್ಲ. ಫೋನಿನ ಮಟ್ಟಿಗೆ ಹಗ್ಗ ಇಲ್ಲವೇ ಇಲ್ಲ. ಮೂರು ದಿನ ಅಂಚು ಹುಡುಕುವ ಕೋಡ್ ಬರೆದು, ಆಫೀಸಿಗೆ ರಜೆ ಹಾಕಿ ಹೋದರೆ ಹಗ್ಗ ಮಾವನ ತಲೆಗಿಂತ ಎರಡು ಮೊಳ ಮೇಲೆ ಇತ್ತು. ಅತ್ತೆ ಬಟ್ಟೆ ಹಾಕಲು ಒಂದು ಕವೆಗೋಲು ಮಾಡಿಕೊಂಡಿದ್ದರು.

"ನೀನು ಬರೋವರೆಗೂ ಕಾಯಕ್ಕಾಗುತ್ತಾ?" ಅಂದರು.

ನಡೆದಾಡುವ ವಸ್ತುವಿಗೂ ಇದನ್ನು ನಂಬುವಂತಿಲ್ಲ. ನಿಂತ ಎಮ್ಮೆಗೆ ತಟ್ಟುತ್ತೆ, ಎದುರಿಗೆ ಬರುವ ಎಮ್ಮೆಗೆ ಒಮ್ಮೊಮ್ಮೆ ತಟ್ಟುವುದಿಲ್ಲ. ಲೋಕ ನಿಂತಿದೆ, ನಾನು ಮಾತ್ರ ಸರಿಯುತ್ತಿದ್ದೇನೆ ಅನ್ನುವುದೇ ಅದರ ಲೆಕ್ಕದ ಬುನಾದಿ. ಮೆಟ್ಟಿಲು, ಚರಂಡಿ, ಗುಂಡಿ ಎಲ್ಲ ಕೋಲಿನ ಪಾಲು. ಕೋಲು ಬಿಟ್ಟು ಇದನ್ನು ಹಾಕಿಕೊಳ್ಳುವಂತಿಲ್ಲ ಅಂತ ಮಾವನಿಂದ ಮಾತು ತೆಗೆದುಕೊಂಡಿದ್ದೇನೆ.

ಸುಮ್ಮನಿದ್ದರೆ ಏನರ್ಥ

ಕೊನೆಯ ತಿದ್ದುಪಡಿ ಹೋದ ತಿಂಗಳದ್ದು. ಫೋನು ತಟ್ಟಲಿಲ್ಲ ಅಂದರೆ ದಾರಿ ಖಾಲಿ ಅಂತ ಮಾವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಆದರೆ ಫೋನು ಸುಮ್ಮನಿರಲು ಬೇರೆ ಕಾರಣವೂ ಇರಬಹುದು. ಬ್ಯಾಟರಿ ಹೋಗಿರಬಹುದು, ಕ್ಯಾಮೆರಾ ಕಿಂಡಿಗೆ ಟವೆಲ್ ಬಿದ್ದಿರಬಹುದು, ಕತ್ತಲಾಗಿರಬಹುದು. ಖಾಲಿ ದಾರಿಯ ಮೌನಕ್ಕೂ ಸತ್ತ ಫೋನಿನ ಮೌನಕ್ಕೂ ವ್ಯತ್ಯಾಸ ಇರಲಿಲ್ಲ. ಇದು ನನಗೆ ಹೊಳೆಯಲು ಇಷ್ಟು ತಿಂಗಳು ಹಿಡಿಯಿತಲ್ಲ ಅಂತ ಈಗಲೂ ಮೈ ಜುಮ್ಮೆನ್ನುತ್ತೆ.

ಈಗ ಫೋನು ದಾರಿ ತಪ್ಪಿದರೆ ಒಂದು ಉದ್ದನೆಯ ತಟ್ಟು ಕೊಟ್ಟು, ಒಂದೇ ಸಲ ಬಾಯಿಬಿಟ್ಟು "ಕಾಣ್ತಾ ಇಲ್ಲ" ಅನ್ನುತ್ತೆ. ಇಡೀ ಆ್ಯಪಿನಲ್ಲಿ ಉಳಿದಿರುವ ಮಾತು ಇದೊಂದೇ. ಎಲ್ಲ ಸರಿ ಇದ್ದರೆ ಮಾವ ಚೀಲವನ್ನು ಬೆರಳಿಂದ ಎರಡು ಸಲ ಕುಟ್ಟಿದಾಗ ವಾಪಸ್ಸು ಒಂದು ಸಲ ತಟ್ಟುತ್ತೆ. "ಇದ್ದೀಯಾ?" "ಇದ್ದೀನಿ." ಬ್ಯಾಟರಿ ಪೂರ್ತಿ ಹೋಗಿದ್ದರೆ ಉತ್ತರ ಬರುವುದಿಲ್ಲ, ಅದೇ ಉತ್ತರ.

ಹೋದ ಶನಿವಾರ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಗ್ಗೆ ಐದೂವರೆಗೆ ಮಾವನ ಜೊತೆ ಹಾಲಿನ ಡೈರಿಗೆ ಹೊರಟೆ. ಅವರ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ಕೋಲು, ಎದೆ ಮೇಲೆ ಚೀಲ. ಇನ್ನೂ ಮಬ್ಬು. ಜಗಲಿ ಇಳಿದು ಹತ್ತು ಹೆಜ್ಜೆ ಹೋಗಿದ್ದೆವೋ ಇಲ್ಲವೋ, ಚೀಲದೊಳಗಿಂದ ಆ ಹೆಣ್ಣು ದನಿ ಬಂತು. "ಕಾಣ್ತಾ ಇಲ್ಲ."

"ನಂಗೂ ಕಾಣಲ್ಲ ಬಿಡು," ಅಂದರು ಮಾವ. ಕೋಲು ತಟ್ಟಿಕೊಂಡು ಮುಂದೆ ನಡೆದರು.

ಮುಂದಿನ ಸಲ ಚೀಲದ ಪಟ್ಟಿಗೆ ಒಂದು ಸಣ್ಣ ಟಾರ್ಚ್ ಸಿಕ್ಕಿಸಬೇಕು. ಕ್ಯಾಮೆರಾಕ್ಕೂ ಆಯಿತು, ಆ ಹೊತ್ತಿನಲ್ಲಿ ಬರುವ ಬೈಕಿನವರಿಗೆ ಮಾವ ಕಂಡ ಹಾಗೂ ಆಯಿತು. ಚಪ್ಪಲಿ ತುಂಡು ಸವೆದಿದೆ, ಅದನ್ನೂ ಬದಲಾಯಿಸಬೇಕು. ಹಳೇ ಚಪ್ಪಲಿ ಎತ್ತಿಟ್ಟಿರಿ ಅಂತ ಅತ್ತೆಗೆ ಹೇಳಿ ಬಂದಿದ್ದೇನೆ.